ಸಿಂಗಳೀಕದ ಎರಡು ವಿಳಾಸ

ಕಳೆದ ಚಳಿಗಾಲದಲ್ಲಿ ಅಕ್ಕನ ಮಗಳ ಶಾಲೆಯವರು ಪ್ರವಾಸ ಹೊರಟಾಗ ಪಾಲಕರ ಪೈಕಿ ನಾನೂ ಜೊತೆಗೆ ಹೋಗಿದ್ದೆ. ರಾತ್ರಿ ಶಿರಸಿ ಬಿಟ್ಟ ಬಸ್ಸು ಬೆಳಗಾಗುವ ಹೊತ್ತಿಗೆ ದೊಡ್ಡ ನಗರವೊಂದನ್ನು ಮುಟ್ಟಿತು. ತಿಂಡಿ ಮುಗಿಸಿ ಮೃಗಾಲಯದ ಟಿಕೆಟ್ ಸಾಲಿನಲ್ಲಿ ನಿಂತಾಗ ಇನ್ನೂ ಒಂಬತ್ತು ಗಂಟೆ. ಜಿರಾಫೆ ಕಂಡು ಮಕ್ಕಳು ಕುಣಿದವು, ನೀರಾನೆ ಬಾಯಿ ತೆರೆದಾಗ ಕಿರುಚಿದವು. ಅದೆಲ್ಲ ದಾಟಿ ಒಂದು ಮೂಲೆಗೆ ಬಂದರೆ ಅಲ್ಲಿ ಸಿಂಗಳೀಕ ಎಂಬ ಮಂಗವಿತ್ತು. ಮಿಂಚುವ ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಸಿಂಹದ ಬಾಲಕ್ಕಿರುವಂಥ ಕುಚ್ಚು. ಕಬ್ಬಿಣದ ಕಂಬಕ್ಕೆ ಕಟ್ಟಿದ ಹಗ್ಗದ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತಿತ್ತು.

"ಮಾವಾ, ಇದು ನಮ್ಮ ಕತ್ತಲೆಕಾನಲ್ಲೂ ಇದ್ದಲಾ?" ಎಂದಳು ಹುಡುಗಿ.

ಹೌದು ಅಂದೆ. ಫಲಕದಲ್ಲಿ ವೈಜ್ಞಾನಿಕ ಹೆಸರಿತ್ತು, ಆಹಾರ ಬರೆದಿತ್ತು, ವಾಸ ಎಂಬಲ್ಲಿ 'ಪಶ್ಚಿಮ ಘಟ್ಟ' ಎಂದಷ್ಟೇ ಇತ್ತು. ಪಕ್ಕದಲ್ಲಿ ನೀರು ಹಾಯಿಸುತ್ತಿದ್ದ ಪ್ರಾಣಿಪಾಲಕನನ್ನು ಅವಳೇ ಕೇಳಿದಳು, ಇದು ಎಲ್ಲಿಂದ ಬಂತು ಅಂಕಲ್ ಅಂತ. "ಎಲ್ಲಿಂದಲೂ ಬಂದಿಲ್ಲ ಪುಟ್ಟಿ, ಇಲ್ಲೇ ಹುಟ್ಟಿದ್ದು. ಇದರ ಅಮ್ಮನೂ ಇಲ್ಲೇ ಹುಟ್ಟಿದ್ದು" ಎಂದ ಆತ. ಆ ಪ್ರಾಣಿಯ ಮೇಲೆ ಅವನಿಗೆ ಪ್ರೀತಿಯಿದ್ದದ್ದು ದನಿಯಲ್ಲೇ ಗೊತ್ತಾಗುತ್ತಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಮಕ್ಕಳೆಲ್ಲ ನಿದ್ದೆಹೋದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಶಿರಸಿಯಿಂದ ಸಿದ್ದಾಪುರ ದಾಟಿ ಒಂದೂವರೆ ಎರಡು ತಾಸು ಹೋದರೆ ಸಿಗುವ ಕತ್ತಲೆಕಾನು ಎಂಬ ನಿತ್ಯಹಸಿರು ಕಾಡಿನಲ್ಲಿ ಸಿಂಗಳೀಕ ಕೊಂಬೆಯಿಂದ ಕೊಂಬೆಗೆ ಹಾರುತ್ತಿದೆ. ಅದೇ ಕುಲದ ಇನ್ನೊಂದು, ಕಾಡನ್ನೇ ಕಾಣದೆ ಎರಡು ತಲೆಮಾರು ಕಳೆದು, ನಮ್ಮ ಮಕ್ಕಳಿಗೆ ದರ್ಶನ ಕೊಡುತ್ತಿದೆ. ಮೊದಲಿನದನ್ನು ಉಳಿಸುವ ಕೆಲಸಕ್ಕೆ ಎರಡನೆಯದು ಯಾವ ರೀತಿಯಲ್ಲಿ ನೆರವಾಗುತ್ತದೆ? 'ಸಂರಕ್ಷಣೆ' ಎಂಬ ಮಾತು ಈಗ ಪ್ರತಿ ಮೃಗಾಲಯದ ಗೋಡೆಯ ಮೇಲೂ ಇರುವುದರಿಂದ ಈ ಪ್ರಶ್ನೆಯನ್ನು ಸರಿಯಾಗಿಯೇ ಕೇಳಿಕೊಳ್ಳಬೇಕು.

ಮೃಗಾಲಯಗಳು ಹುಟ್ಟಿದ್ದು ಸಂರಕ್ಷಣೆಗೆಂದು ಅಲ್ಲ. 1892ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಮೈಸೂರಿನ ಮೃಗಾಲಯ ಶುರುವಾದಾಗ ಅದು ಅರಮನೆಯ ಸಂಗ್ರಹ. ಪ್ರಪಂಚದ ಹಳೆಯ ಮೃಗಾಲಯಗಳ ಕತೆಯೂ ಹೆಚ್ಚುಕಡಿಮೆ ಇದೇ: ದೂರದೇಶದ ಪ್ರಾಣಿ ತಂದು ತೋರಿಸುವುದು ದೊಡ್ಡಸ್ತಿಕೆ. ನಮ್ಮಲ್ಲಿ ಲೆಕ್ಕ ಬದಲಾದದ್ದು ತೀರ ಈಚೆಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ತಂದು, 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ರಚಿಸಿದರು. ಅದರ ಮಾನ್ಯತೆ ಇಲ್ಲದೆ ಯಾರೂ ಮೃಗಾಲಯ ನಡೆಸುವಂತಿಲ್ಲ. 1998ರ ರಾಷ್ಟ್ರೀಯ ಮೃಗಾಲಯ ನೀತಿಯಂತೂ ಮುಖ್ಯ ಉದ್ದೇಶವೇ ವನ್ಯಜೀವಿ ಸಂರಕ್ಷಣೆಗೆ ಬಲ ಕೊಡುವುದು ಎಂದು ಹೇಳಿತು. ಕರ್ನಾಟಕ ಮೃಗಾಲಯ ಪ್ರಾಧಿಕಾರ ಇದಕ್ಕೂ ಮೊದಲೇ, 1979ರಲ್ಲೇ ಹುಟ್ಟಿತ್ತು. ಅಂದರೆ ಇಂದು ಯಾವ ಮೃಗಾಲಯವನ್ನಾದರೂ ಸಂರಕ್ಷಣೆಗೆ ಎಷ್ಟು ದುಡಿದಿರಿ ಎಂದು ಕೇಳುವ ಹಕ್ಕು ಟಿಕೆಟ್ ಕೊಂಡವರಿಗೆಲ್ಲ ಇದೆ.

ದುಡಿದ ಮೃಗಾಲಯಗಳು ಇವೆ. ಅರೇಬಿಯದ ಮರುಭೂಮಿಯ ಓರಿಕ್ಸ್ ಎಂಬ ಬಿಳಿ ಜಿಂಕೆ ಬೇಟೆಯಿಂದ ಮುಗಿದೇ ಹೋಗುತ್ತದೆ ಎನ್ನುವಾಗ, 1962ರಲ್ಲಿ ಉಳಿದ ಕೆಲವನ್ನು ಹಿಡಿದು, ಅಲ್ಲಿ ಇಲ್ಲಿ ಸಾಕಿದ್ದವನ್ನೂ ಸೇರಿಸಿ ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ ಒಂದು ಹಿಂಡು ಕಟ್ಟಿದರು. ಇಪ್ಪತ್ತು ವರ್ಷದ ಬಳಿಕ, 1982ರಲ್ಲಿ, ಅವುಗಳ ಸಂತಾನ ಓಮಾನಿನ ಮರಳಿಗೆ ಮರಳಿತು. ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ದೈತ್ಯ ಹದ್ದು 1987ರಲ್ಲಿ ಇಡೀ ಜಗತ್ತಿನಲ್ಲಿ 27 ಮಾತ್ರ ಉಳಿದಿತ್ತು, ಎಲ್ಲವೂ ಬೋನಿನೊಳಗೆ. ಇಂದು ಅವು ಮತ್ತೆ ಆಕಾಶದಲ್ಲಿವೆ. ಮೃಗಾಲಯಗಳೇ ಬೇಡ ಎನ್ನುವ ಗೆಳೆಯರಿಗೆ ನಾನು ಈ ಎರಡು ಉದಾಹರಣೆ ಹೇಳುತ್ತೇನೆ. ಬೋನು ಇರದಿದ್ದರೆ ಈ ಎರಡೂ ಜೀವಗಳನ್ನು ನಮ್ಮ ಮಕ್ಕಳು ಚಿತ್ರದಲ್ಲಿ ನೋಡಬೇಕಿತ್ತು.

ಆದರೆ ಈ ಕತೆಗಳಲ್ಲಿ ಬೋನಿಗೆ ಹೋಗುವ ದಾರಿಯ ಜೊತೆಗೇ ಹೊರಗೆ ಬರುವ ದಾರಿಯನ್ನೂ ಮೊದಲೇ ಯೋಚಿಸಿದ್ದರು. ಆ ದಾರಿ ಎಷ್ಟು ಕಷ್ಟದ್ದು ಎಂಬುದನ್ನು ನಮ್ಮ ರಣಹದ್ದುಗಳು ಕಲಿಸಿವೆ. ನಮ್ಮ ಹಿರಿಯರಿಗೆ ರಣಹದ್ದು ವಿಶೇಷವೇನೂ ಆಗಿರಲಿಲ್ಲ, ದನ ಸತ್ತರೆ ಗುಡ್ಡದ ಮೇಲೆ ಇಳಿಯುತ್ತಿದ್ದವು. ತೊಂಬತ್ತರ ದಶಕದಿಂದ ಮುಂದಿನ ಹದಿನೈದು ವರ್ಷಗಳಲ್ಲಿ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಸತ್ತವು. ದನಕ್ಕೆ ನೋವಿಗೆಂದು ಚುಚ್ಚುತ್ತಿದ್ದ ಡೈಕ್ಲೋಫೆನಾಕ್ ಔಷಧ ಆ ಹೆಣ ತಿಂದ ಹದ್ದಿನ ಮೂತ್ರಪಿಂಡ ಕೆಡಿಸುತ್ತಿತ್ತು. ಹರಿಯಾಣದ ಪಿಂಜೋರಿನಲ್ಲಿ ಸಂತಾನಾಭಿವೃದ್ಧಿ ಕೇಂದ್ರ ಮಾಡಿದರು, ಭೋಪಾಲ, ಹೈದರಾಬಾದಿನಂಥ ಊರುಗಳಲ್ಲೂ ಹದ್ದು ಸಾಕಿದರು, ಮರಿಗಳೂ ಆದವು. ಆದರೆ ಹೊರಗಿನ ಹೆಣದಲ್ಲಿ ವಿಷ ಇರುವ ತನಕ ಬಿಟ್ಟ ಹದ್ದು ಬದುಕುವುದು ಹೇಗೆ? 2006ರಲ್ಲಿ ಪಶುಗಳಿಗೆ ಆ ಔಷಧ ನಿಷೇಧಿಸಿದ್ದೇ ಇಡೀ ಕೆಲಸದ ಅರ್ಧ. ಕೇಂದ್ರದೊಳಗಿನ ಮೊಟ್ಟೆಯಷ್ಟೇ ಮುಖ್ಯ ಹಳ್ಳಿಯ ಔಷಧ ಅಂಗಡಿಯ ಕಪಾಟು.

ಇನ್ನು ಸಂರಕ್ಷಣೆಯ ಹೆಸರಲ್ಲಿ ನಡೆದ, ಸಂರಕ್ಷಣೆ ಅಲ್ಲವೇ ಅಲ್ಲದ ಕೆಲಸವೂ ಉಂಟು. ಬಿಳಿ ಹುಲಿಯ ಮುಂದೆ ಯಾವ ಮೃಗಾಲಯದಲ್ಲೂ ಜನ ಕಿಕ್ಕಿರಿದಿರುತ್ತಾರೆ. ಅದು ಬೇರೆ ಜಾತಿಯ ಹುಲಿಯಲ್ಲ, ಬಣ್ಣ ಕಳೆದುಕೊಂಡ ನಮ್ಮದೇ ಹುಲಿ. 1951ರಲ್ಲಿ ರೇವಾದಲ್ಲಿ ಹಿಡಿದ ಮೋಹನ್ ಎಂಬ ಒಂದೇ ಗಂಡಿನಿಂದ, ಅದರ ಮಗಳನ್ನೇ ಅದಕ್ಕೆ ಜೋಡಿ ಮಾಡಿ, ರಕ್ತಸಂಬಂಧದೊಳಗೇ ಮತ್ತೆ ಮತ್ತೆ ಕೂಡಿಸಿ ಬೆಳೆಸಿದ ಸಂತತಿ. ಮೆಳ್ಳೆಗಣ್ಣು, ದುರ್ಬಲ ಮರಿಗಳು ಅದರ ಬೆಲೆ. ಸಿಂಹದ ಕತೆ ಇನ್ನೊಂದು ಬಗೆ. ಸರ್ಕಸ್ಸಿನ ಆಫ್ರಿಕಾ ಸಿಂಹಗಳೊಡನೆ ಗಿರ್‌ನ ಸಿಂಹ ಬೆರೆತು ಎಷ್ಟೋ ಮೃಗಾಲಯಗಳಲ್ಲಿ ಮಿಶ್ರತಳಿ ತುಂಬಿಕೊಂಡಿತು. ಕಡೆಗೆ ಕೇಂದ್ರ ಮೃಗಾಲಯ ಪ್ರಾಧಿಕಾರವೇ ಅವುಗಳ ಸಂತಾನ ನಿಲ್ಲಿಸಬೇಕಾಯಿತು. ದಶಕಗಟ್ಟಲೆ ಸಾಕಿದ ಆ ಸಿಂಹಗಳಲ್ಲಿ ಒಂದನ್ನೂ ಗಿರ್‌ಗೆ ಬಿಡುವಂತಿಲ್ಲ.

ಈ ಪಾಠ ನಮ್ಮ ಕಾಳಿಂಗ ಸರ್ಪಕ್ಕೂ ಅನ್ವಯಿಸುತ್ತದೆ. ಮಂಗಳೂರಿನ ಪಿಲಿಕುಳದಲ್ಲಿ ಕಾಳಿಂಗನ ಮೊಟ್ಟೆ ಮರಿಯಾಗಿಸುವಲ್ಲಿ ಗೆದ್ದಿದ್ದಾರೆ. ಆ ಅನುಭವ ಚಿಕ್ಕದಲ್ಲ, ತರಗೆಲೆ ರಾಶಿ ಮಾಡಿ ಗೂಡು ಕಟ್ಟುವ ಹಾವು ಅದೊಂದೇ. 2024ರಲ್ಲಿ ವಿಜ್ಞಾನಿಗಳು ಕಾಳಿಂಗ ಒಂದೇ ಜಾತಿಯಲ್ಲ, ನಾಲ್ಕು ಎಂದು ತೋರಿಸಿದರು. ಪಶ್ಚಿಮ ಘಟ್ಟದ್ದಕ್ಕೆ ನಮ್ಮ ಮಾತಿನ ಹೆಸರನ್ನೇ ಕೊಟ್ಟು 'ಓಫಿಯೋಫೇಗಸ್ ಕಾಳಿಂಗ' ಎಂದು ಕರೆದರು. ಇದು ನನಗೆ ತುಂಬ ಹೆಮ್ಮೆಯ ಸಂಗತಿ. ಇನ್ನು ಮೇಲೆ ಎಲ್ಲಿಯದೋ ಗಂಡಿಗೆ ನಮ್ಮ ಘಟ್ಟದ ಹೆಣ್ಣನ್ನು ಜೋಡಿ ಮಾಡಿದರೆ ಸಿಂಹಕ್ಕೆ ಆದದ್ದೇ ಆಗುತ್ತದೆ. ಸಿಂಗಳೀಕದಲ್ಲೂ ಪಾಲಕ್ಕಾಡಿನ ಕಣಿವೆಯ ಉತ್ತರದವಕ್ಕೂ ದಕ್ಷಿಣದವಕ್ಕೂ ವಂಶವಾಹಿಯಲ್ಲಿ ವ್ಯತ್ಯಾಸವಿದೆಯೆಂದು ಅಧ್ಯಯನ ಹೇಳಿದೆ. ಹಾಗಾಗಿ ನಮ್ಮ ಹುಡುಗಿ ಕೇಳಿದ 'ಇದು ಎಲ್ಲಿಂದ ಬಂತು' ಎಂಬುದು ಮಕ್ಕಳ ಕುತೂಹಲದ ಪ್ರಶ್ನೆಯಷ್ಟೇ ಅಲ್ಲ. ಪ್ರತಿ ಪ್ರಾಣಿಯ ತಾಯಿ ತಂದೆ ಯಾರು, ಅಜ್ಜಿ ಯಾವ ಕಾಡಿನದು ಎಂದು ಬರೆದಿಡುವ ವಂಶಾವಳಿ ಪುಸ್ತಕ ಮೃಗಾಲಯದ ಜೀವಾಳ. ಅದು ಸರಿಯಿಲ್ಲದಿದ್ದರೆ ಒಳಗಿನ ಪ್ರಾಣಿ ಎಷ್ಟೇ ದಷ್ಟಪುಷ್ಟವಾಗಿದ್ದರೂ ಕಾಡಿನ ಮಟ್ಟಿಗೆ ಲೆಕ್ಕಕ್ಕಿಲ್ಲ.

ಒಂದೇ ಕಡೆ ಕೂಡಿಹಾಕುವುದಕ್ಕೆ ತನ್ನದೇ ಅಪಾಯವಿದೆ. 2025ರ ನವೆಂಬರಿನಲ್ಲಿ ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯ ಮೃಗಾಲಯದಲ್ಲಿ ಕೆಲವೇ ದಿನಗಳೊಳಗೆ ಮೂವತ್ತರಷ್ಟು ಕೃಷ್ಣಮೃಗಗಳು ಸತ್ತವು. ಪರೀಕ್ಷೆಯಲ್ಲಿ ಕಂಡದ್ದು ಗಳಲೆ ರೋಗ. ದನ ಸಾಕುವ ನಮ್ಮ ಮನೆಗಳಲ್ಲಿ ಇದು ಹೊಸ ಹೆಸರಲ್ಲ, ಮಳೆಗಾಲಕ್ಕೆ ಮೊದಲು ಎಮ್ಮೆಗೆ, ಆಕಳಿಗೆ ಲಸಿಕೆ ಹಾಕಿಸುತ್ತೇವೆ. ಬಯಲಲ್ಲಿ ಚದುರಿ ಮೇಯುವ ಹಿಂಡಿನಲ್ಲಿ ಒಂದೆರಡನ್ನು ಹೊಡೆದು ನಿಲ್ಲಬಹುದಾದ ಕಾಯಿಲೆ, ಬೇಲಿಯೊಳಗೆ ಹೊಕ್ಕರೆ ಹಿಂಡನ್ನೇ ಒಯ್ಯುತ್ತದೆ. 2023ರಲ್ಲಿ ಬನ್ನೇರುಘಟ್ಟದಲ್ಲಿ ಏಳು ಚಿರತೆ ಮರಿಗಳು ಬೆಕ್ಕಿನ ಜಾತಿಗೆ ಬರುವ ವೈರಾಣು ರೋಗದಿಂದ ಹೋದವು. ಹುಲಿ, ಸಿಂಹ ತರುವುದಕ್ಕೆ ಸಿಗುವ ಉತ್ಸಾಹ ಪಶುವೈದ್ಯರ ಹುದ್ದೆ ತುಂಬುವುದಕ್ಕೆ, ಹೊಸದಾಗಿ ಬಂದ ಪ್ರಾಣಿಯನ್ನು ಪ್ರತ್ಯೇಕ ಇಡುವ ಜಾಗಕ್ಕೆ, ಹತ್ತಿರದ ಪ್ರಯೋಗಾಲಯಕ್ಕೆ ಸಿಗಬೇಕು. ನೋಡುಗರಿಗೆ ಇವು ಯಾವುವೂ ಕಾಣುವುದಿಲ್ಲ, ಆದ್ದರಿಂದ ಯಾರೂ ಕೇಳುವುದೂ ಇಲ್ಲ.

ಅದೇ ರೀತಿ ಕಾಣದೆ ಉಳಿಯುವ ಒಳ್ಳೆಯ ಕೆಲಸವೂ ಇದೆ. ಸರ್ಕಸ್ಸಿನಲ್ಲಿ ಹುಲಿ, ಸಿಂಹ, ಕರಡಿ, ಕೋತಿಗಳನ್ನು ಕುಣಿಸುವುದನ್ನು ಸರ್ಕಾರ 1998ರಲ್ಲಿ ನಿಷೇಧಿಸಿದಾಗ ಆ ಪ್ರಾಣಿಗಳಿಗೆ ಹೋಗಲು ಜಾಗ ಬೇಕಿತ್ತು. ಬನ್ನೇರುಘಟ್ಟದಂಥ ಕಡೆ ಪುನರ್ವಸತಿ ಕೇಂದ್ರಗಳು ಅವನ್ನು ಸಾಯುವ ತನಕ ಸಾಕಿದವು. ಮೂಗು ಚುಚ್ಚಿ ಹಗ್ಗ ಹಾಕಿದ್ದ ಕರಡಿಗಳು ಅಲ್ಲೇ ಬಂದು ಸೇರಿದವು. ನಮ್ಮ ಮಲೆನಾಡಿನವರಿಗೆ ಹತ್ತಿರದ್ದೆಂದರೆ ಶಿವಮೊಗ್ಗ ಸಾಗರ ರಸ್ತೆಯ ತ್ಯಾವರೆಕೊಪ್ಪದ ಹುಲಿ ಸಿಂಹಧಾಮ. ಜೋಗ ನೋಡಿ ಬರುವ ಬಸ್ಸು ಅಲ್ಲಿ ನಿಲ್ಲದೆ ಮುಂದೆ ಹೋಗುವುದಿಲ್ಲ. ಅಲ್ಲಿ ಸಫಾರಿ ವ್ಯಾನಿನ ಕಿಟಕಿಯಿಂದ ಹುಲಿ ನೋಡುವವರು, ತೋಟದ ಬಾವಿಗೆ ಬಿದ್ದ, ಉರುಳಿಗೆ ಸಿಕ್ಕಿ ಕಾಲು ಕಳೆದುಕೊಂಡ ಚಿರತೆಯಂಥವು ಎಲ್ಲಿಗೆ ಹೋಗಬೇಕು ಎಂದೂ ಯೋಚಿಸಬೇಕು. ಅರಿವಳಿಕೆ ಎಷ್ಟು ಕೊಡಬೇಕು, ಎಷ್ಟು ಹೊತ್ತಿಗೆ ಏಳುತ್ತದೆ ಎಂಬ ತಿಳಿವಳಿಕೆ ಬಂದದ್ದು ಮೃಗಾಲಯದ ವೈದ್ಯರ ಕೈಯಿಂದ. ಹೊಂಡದಿಂದ ಎತ್ತಿದ ಕಾಡುಪ್ರಾಣಿ ಬದುಕಿ ಕಾಡಿಗೆ ಮರಳಿದರೆ ಅದರಲ್ಲಿ ಆ ಪಳಗಿದ ಕೈಯ ಪಾಲಿದೆ.

ಕರಾವಳಿಗೆ ಇಳಿದರೆ ನನಗೆ ತೀರ ಇಷ್ಟವಾದ ಒಂದು ಮಾದರಿ ಇದೆ. ಕಾರವಾರದ ದೇವಬಾಗದಿಂದ ಹೊನ್ನಾವರದ ಕಾಸರಕೋಡಿನ ತನಕ ಆಲಿವ್ ರಿಡ್ಲೆ ಕಡಲಾಮೆ ರಾತ್ರಿ ದಂಡೆಗೆ ಬಂದು ಮೊಟ್ಟೆ ಇಡುತ್ತದೆ. ನಾಯಿ, ನರಿ ತೋಡದಂತೆ, ಅಲೆ ಕೊಚ್ಚದಂತೆ ಅರಣ್ಯ ಇಲಾಖೆಯವರು ಮೀನುಗಾರರ ಜೊತೆ ಸೇರಿ ಗೂಡಿಗೆ ಬಲೆ ಕಟ್ಟುತ್ತಾರೆ. ಅಪಾಯವಿದ್ದರೆ ಮೊಟ್ಟೆಯನ್ನು ಬೇರೆ ಮರಳಿಗೆ ಸಾಗಿಸುತ್ತಾರೆ. ಐವತ್ತು ಚಿಲ್ಲರೆ ದಿನ ಕಳೆದು ಮರಿ ಹೊರಬಂದಾಗ ನೀರಿನತ್ತ ಬಿಡುತ್ತಾರೆ. ಇದೂ ಮನುಷ್ಯನ ಬೇಲಿಯೇ, ಒಂದು ಬಗೆಯ ಪುಟ್ಟ ಮೃಗಾಲಯವೇ. ಆದರೆ ಅದರ ಬಾಗಿಲು ತೆರೆಯುವ ದಿನ ಮೊದಲೇ ಗೊತ್ತು. ಬೋಟಿನಲ್ಲಿ ದುಡಿಯುವವರೇ ಕಾವಲಿಗೆ ನಿಲ್ಲುವುದು ಇದರ ದೊಡ್ಡ ಬಲ. ಕಾಸರಕೋಡ ಟೊಂಕದಲ್ಲಿ ಬಂದರು ಬೇಡ ಎಂದು ಹೋರಾಡಿದವರ ಮಾತಿನಲ್ಲಿ ತಮ್ಮ ಮನೆಯ ಜೊತೆಗೆ ಆಮೆಯ ಗೂಡೂ ಇತ್ತು.

ಸಿಂಗಳೀಕಕ್ಕೆ ಇಂಥ ಬಾಗಿಲು ಇದೆಯೇ? ಮೈಸೂರು, ಚೆನ್ನೈ, ತಿರುವನಂತಪುರದ ಮೃಗಾಲಯಗಳು ಅದರ ಸಂತಾನಾಭಿವೃದ್ಧಿಯಲ್ಲಿ ತೊಡಗಿವೆ, ವಿದೇಶದಲ್ಲೂ ನೂರಾರು ಸಿಂಗಳೀಕಗಳಿವೆ. ತಿಳಿವಳಿಕೆಯ ದೃಷ್ಟಿಯಿಂದ ಇದು ಬೆಲೆಬಾಳುವ ಕೆಲಸ. ಕಾಡಿಗೆ ಬಿಡುವುದೆಂದರೆ ಬೇರೆ ಮಾತು. ಹೆಣ್ಣು ಸಿಂಗಳೀಕ ಮೊದಲ ಮರಿ ಹಾಕುವುದು ಸುಮಾರು ಆರು ವರ್ಷಕ್ಕೆ, ಹಾಕುವುದು ಒಂದೇ ಮರಿ, ಮುಂದಿನದಕ್ಕೆ ಮತ್ತೆ ಎರಡು ಮೂರು ವರ್ಷ. ಯಾವ ತಿಂಗಳಲ್ಲಿ ಯಾವ ಮರ ಹಣ್ಣಾಗುತ್ತದೆ, ಯಾವ ತೊಗಟೆಯ ಕೆಳಗೆ ಹುಳ ಇರುತ್ತದೆ, ಹದ್ದಿನ ನೆರಳಿಗೆ ಹೇಗೆ ಅಡಗಬೇಕು ಎಂಬುದನ್ನು ಮರಿ ತಾಯಿಯ ಬೆನ್ನಿಗಂಟಿ ಕಲಿಯುತ್ತದೆ. ತಾಯಿಯೂ ಅಜ್ಜಿಯೂ ಬಾಳೆಹಣ್ಣಿನ ಬುಟ್ಟಿಯನ್ನೇ ನೋಡಿ ಬೆಳೆದಿದ್ದರೆ ಕಲಿಸುವವರು ಯಾರು? ಮಂಗನ ಕಾಯಿಲೆಯ ಸೀಮೆಯಾದ ನಮ್ಮ ಕಾಡಿಗೆ ಹೊರಗಿನಿಂದ ಮಂಗವನ್ನು ತರುವುದೂ ಸಲೀಸಲ್ಲ.

ಸಿಂಗಳೀಕವನ್ನು ನಿಜವಾಗಿ ಉಳಿಸಿದ್ದು ಯಾವುದು ಎಂದು ಹಿಂದೆ ತಿರುಗಿ ನೋಡಿದರೆ ಸಿಗುವುದು ಕೇರಳದ ಸೈಲೆಂಟ್ ವ್ಯಾಲಿ. ಕುಂತಿಪುಳ ಹೊಳೆಗೆ ಅಣೆಕಟ್ಟು ಕಟ್ಟಿದರೆ ಈ ಮಂಗದ ಮನೆ ಮುಳುಗುತ್ತದೆ ಎಂಬುದು ದೇಶದ ಮಾತಾಯಿತು. 1983ರಲ್ಲಿ ಯೋಜನೆ ಕೈಬಿಟ್ಟರು, 1984ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. ನಮ್ಮಲ್ಲಿ ಅಂಥ ಸದ್ದು ಆಗಲಿಲ್ಲ, ಎಣಿಕೆಯಿಂದ ಕೆಲಸ ಶುರುವಾಯಿತು. ಹೊನ್ನವಳ್ಳಿ ಕುಮಾರ, ಮೇವಾ ಸಿಂಗ್ ಮುಂತಾದ ಸಂಶೋಧಕರು ಈ ಶತಮಾನದ ಆರಂಭದಲ್ಲಿ ಶಿರಸಿ ಹೊನ್ನಾವರದ ಕಾಡು ಸುತ್ತಿ 32 ಗುಂಪುಗಳನ್ನು ಗುರುತಿಸಿದರು. ಈ ಮಂಗದ ವಾಸಕ್ಕೆ ಇದೇ ಉತ್ತರದ ತುದಿ. 2011ರಲ್ಲಿ ಅಘನಾಶಿನಿ ಕಣಿವೆಯ ಸುಮಾರು 300 ಚದರ ಕಿಲೋಮೀಟರ್ ಸಿಂಗಳೀಕ ಸಂರಕ್ಷಣಾ ಮೀಸಲು ಆಯಿತು. 2019ರಲ್ಲಿ ಅದನ್ನೂ ಶರಾವತಿ ಅಭಯಾರಣ್ಯವನ್ನೂ ಜೋಡಿಸಿ 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಮಾಡಿದರು.

ಅದೇ ಅಭಯಾರಣ್ಯದ ಮಣ್ಣಿನಲ್ಲಿ ಈಗ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆ. ಮೇಲೆ ತಲಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪ ಜಲಾಶಯ, ನಡುವೆ ಸುರಂಗ, 2,000 ಮೆಗಾವ್ಯಾಟ್. ವಿದ್ಯುತ್ ಅಗ್ಗವಾದ ಹೊತ್ತಿನಲ್ಲಿ ನೀರನ್ನು ಮೇಲೆತ್ತಿ, ಬೇಡಿಕೆ ಏರಿದಾಗ ಇಳಿಸುವ ಲೆಕ್ಕ. ಅರಣ್ಯ ಭೂಮಿಯೇ 50 ಹೆಕ್ಟೇರಿಗಿಂತ ಹೆಚ್ಚು ಬೇಕು. 2025ರ ಸೆಪ್ಟೆಂಬರಿನಲ್ಲಿ ಕಾರ್ಗಲ್ಲಿನಲ್ಲೂ ಗೇರುಸೊಪ್ಪೆಯಲ್ಲೂ ನಡೆದ ಅಹವಾಲು ಸಭೆಗಳಲ್ಲಿ ಜನ ಎದ್ದು ನಿಂತು ಬೇಡ ಎಂದರು. 930 ಚದರ ಕಿಲೋಮೀಟರಿನಲ್ಲಿ 50 ಹೆಕ್ಟೇರು ಎಷ್ಟರದ್ದು ಎಂದು ಕೇಳುವವರಿದ್ದಾರೆ. ಸಿಂಗಳೀಕದ ಕಣ್ಣಿನಿಂದ ಲೆಕ್ಕ ಹಾಕುವ ರೀತಿ ಅದಲ್ಲ. ಅದು ನೆಲಕ್ಕಿಳಿಯುವುದು ಅಪರೂಪ. ಕೊಂಬೆಗೆ ಕೊಂಬೆ ತಾಗಿರುವ ತನಕ ಅದರ ಕಾಡು, ನಡುವೆ ಅಗಲದ ರಸ್ತೆ ಬಿದ್ದರೆ ಎರಡು ಕಾಡು. ತಮಿಳುನಾಡಿನ ವಾಲ್ಪಾರೈಯಲ್ಲಿ ಚಹಾ ತೋಟಗಳ ನಡುವಿನ ತುಂಡು ಕಾಡಿನಲ್ಲಿ ಸಿಕ್ಕಿಕೊಂಡ ಸಿಂಗಳೀಕಗಳಿಗೆ ರಸ್ತೆಯ ಮೇಲೆ ಸೇತುವೆ ಕಟ್ಟಿಕೊಡಬೇಕಾಗಿದೆ, ಆದರೂ ವಾಹನದಡಿ ಸತ್ತದ್ದಿದೆ. ನಮ್ಮ ಕಾನು ಇನ್ನೂ ಆ ಸ್ಥಿತಿಗೆ ಬಂದಿಲ್ಲ. ಈ ಯೋಜನೆ ಬೇಡವೆಂಬುದೇ ನನ್ನ ನಿಲುವು. ವಿದ್ಯುತ್ ಕೂಡಿಡಲು ಬೇರೆ ಜಾಗ ಹುಡುಕಬಹುದು, ರಾಮಪತ್ರೆ ಮರಗಳ ಜಡ್ಡಿ, ಅಂದರೆ ಜೌಗು ಕಾಡು, ಇರುವ ಇಂಥ ಕಾನನ್ನು ಇನ್ನೊಂದು ಕಡೆ ನೆಡಲು ಬರುವುದಿಲ್ಲ.

ದೊಡ್ಡ ಯೋಜನೆಯನ್ನು ಬೈದು ನಮ್ಮ ಪಾಲನ್ನು ಮರೆಯಲೂಬಾರದು. ಶಿರಸಿ ಸೀಮೆಯ ಸಿಂಗಳೀಕದ ಊಟಕ್ಕೂ ನಮ್ಮ ಸಂಪಾದನೆಗೂ ಒಂದೇ ಮರದ ಮೇಲೆ ಕಣ್ಣು: ಉಪ್ಪಾಗೆ. ಮೊದಲು ಹುಳಿಗೆ, ಎಣ್ಣೆಗೆ ಬೇಕಾದಷ್ಟು ಹೆಕ್ಕಿ ತರುತ್ತಿದ್ದರು. ತೊಂಬತ್ತರ ದಶಕದಲ್ಲಿ ಮೈ ಇಳಿಸುವ ಔಷಧಕ್ಕೆ ಅದರ ಸಿಪ್ಪೆ ವಿದೇಶಕ್ಕೆ ಹೋಗತೊಡಗಿದ ಮೇಲೆ ದರ ಏರಿತು, ನಾನು ಮೊದಲು ಕೊಯ್ಯದಿದ್ದರೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಪೈಪೋಟಿ ಹುಟ್ಟಿತು. ಹಣ್ಣಾಗುವ ಮೊದಲೇ ಕಾಯಿ ಕೊಯ್ಯುವುದು, ಕೆಲವು ಕಡೆ ಕೊಂಬೆಯನ್ನೇ ಕಡಿಯುವುದು, ಮಳೆಯಲ್ಲಿ ಒಣಗಿಸಲು ಮಣಗಟ್ಟಲೆ ಕಟ್ಟಿಗೆ ಉರಿಸುವುದು. ಹಣ್ಣು ಬೀಳಲಿ ಎಂದು ಕಾದರೆ ಸಿಂಗಳೀಕ ತಿರುಳು ತಿಂದು ಬೀಜ ಉಗಿಯುತ್ತದೆ, ಸಿಪ್ಪೆ ಬುಡದಲ್ಲೇ ಸಿಗುತ್ತದೆ, ಹೊಸ ಗಿಡವೂ ಏಳುತ್ತದೆ. ಇದನ್ನು ನಮ್ಮ ಅಜ್ಜ ಹೇಳುತ್ತಿದ್ದರು, ಆಮೇಲೆ ಬಂದ ಸಂಶೋಧಕರೂ ಉಪ್ಪಾಗೆಯ ಕೊಯ್ಲಿಗೂ ಸಿಂಗಳೀಕಕ್ಕೂ ಇರುವ ನಂಟನ್ನು ಬರೆದರು. ಗ್ರಾಮ ಅರಣ್ಯ ಸಮಿತಿಗಳು ಕೊಯ್ಲಿನ ದಿನವನ್ನು ಊರೊಟ್ಟಿಗೆ ನಿಗದಿ ಮಾಡಿ, ಅದಕ್ಕೆ ಮೊದಲು ಯಾರೂ ಮರ ಹತ್ತಬಾರದು ಎಂದು ಕಟ್ಟು ಮಾಡಿದರೆ ಯಾರಿಗೂ ನಷ್ಟವಿಲ್ಲ. ಪಂಜರದಲ್ಲಿ ಇನ್ನೊಂದು ಜೋಡಿ ಸಾಕುವುದಕ್ಕೆ ತಗಲುವ ಖರ್ಚಿಗೆ ಹೋಲಿಸಿದರೆ ಇದಕ್ಕೆ ಬೇಕಾದ್ದು ಒಂದು ಸಭೆ.

ಮೃಗಾಲಯಗಳೂ ಈ ಕೆಲಸಕ್ಕೆ ಕೈಜೋಡಿಸಬಹುದು ಎಂಬುದೇ ನಾನು ಹೇಳಬೇಕೆಂದಿರುವ ಮಾತು. ಮೈಸೂರಿನಂಥ ಮೃಗಾಲಯ ಟಿಕೆಟ್ಟಿನ ಹಣದಲ್ಲೇ ನಡೆಯುತ್ತದೆ, ವರ್ಷಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ, ಪ್ರಾಣಿ ದತ್ತು ಯೋಜನೆಯಲ್ಲಿ ಹುಟ್ಟುಹಬ್ಬಕ್ಕೆಂದು ದುಡ್ಡು ಕೊಡುವವರಿದ್ದಾರೆ. ಸಿಂಗಳೀಕವನ್ನು ದತ್ತು ತೆಗೆದುಕೊಂಡವರ ಹಣದಲ್ಲಿ ಒಂದು ಪಾಲು ಕತ್ತಲೆಕಾನಿನ ಕಾವಲುಗಾರನ ಸಂಬಳಕ್ಕೆ, ಉಪ್ಪಾಗೆ ತಡವಾಗಿ ಕೊಯ್ಯುವ ಊರಿನ ಒಣಗಿಸುವ ಒಲೆಗೆ ಹೋಗುವಂತಾಗಲಿ. ಫಲಕದಲ್ಲಿ 'ಪಶ್ಚಿಮ ಘಟ್ಟ' ಎಂಬುದರ ಕೆಳಗೆ ಊರುಗಳ ಹೆಸರು ಬರೆಯಲಿ: ಕತ್ತಲೆಕಾನು, ಗೇರುಸೊಪ್ಪ, ಉಂಚಳ್ಳಿ. ಅಲ್ಲಿ ಈಗ ಏನು ನಡೆಯುತ್ತಿದೆ ಎಂದು ಎರಡು ಸಾಲು ಇರಲಿ. ಬೆಂಗಳೂರಿನ ಒಬ್ಬ ಹುಡುಗ ಅದನ್ನು ಓದಿ ಮನೆಯಲ್ಲಿ ಕೇಳಿದರೆ, ನಾಳೆ ಅಹವಾಲು ಸಭೆಯಲ್ಲಿ ಗೇರುಸೊಪ್ಪೆಯವರು ಮಾತ್ರ ನಿಲ್ಲಬೇಕಾಗಿ ಬರುವುದಿಲ್ಲ.

ಈ ಬೇಸಿಗೆ ರಜೆಯಲ್ಲಿ ಹುಡುಗಿಯನ್ನು ಕತ್ತಲೆಕಾನಿಗೆ ಕರೆದುಕೊಂಡು ಹೋದೆ. ಪರಿಚಯದ ಅರಣ್ಯ ರಕ್ಷಕರೊಬ್ಬರು ದಾರಿ ತೋರಿಸಿದರು. ಮೂರು ತಾಸು ನಡೆದೆವು. ಉಂಬಳ ಇನ್ನೂ ಎದ್ದಿರಲಿಲ್ಲ, ಜಡ್ಡಿಯ ನೀರು ತಣ್ಣಗಿತ್ತು, ಮಂಗಟ್ಟೆಯ ರೆಕ್ಕೆ ಸದ್ದು ಎರಡು ಸಲ ಕೇಳಿತು. ಸಿಂಗಳೀಕ ಕಾಣಲಿಲ್ಲ. ಹಿಂತಿರುಗುವ ಹೊತ್ತಿಗೆ ತಲೆಯ ಮೇಲೆ ತುಂಬ ಎತ್ತರದಲ್ಲಿ ಕೊಂಬೆಯೊಂದು ಬಾಗಿ ಮೇಲೆದ್ದಿತು, ಅರ್ಧ ಕಚ್ಚಿದ ಕಾಯೊಂದು ಅವಳ ಕಾಲ ಹತ್ತಿರ ಬಿತ್ತು. ಅದನ್ನೆತ್ತಿ ಹಲ್ಲಿನ ಗುರುತು ನೋಡಿದಳು, ರಕ್ಷಕರಿಗೆ ತೋರಿಸಿ ಹೌದೆನಿಸಿಕೊಂಡಳು. ಮನೆಗೆ ತರುತ್ತೇನೆ ಅಂದವಳು ಆಮೇಲೆ ಬೀಜ ಇದ್ದು ಎಂದು ಅಲ್ಲೇ ತರಗೆಲೆ ಸರಿಸಿ ಇಟ್ಟು ಬಂದಳು.